ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನುಗಳು

ವಿದ್ಯುತ್ ಕಾರಿನ ವಿಷಯದಲ್ಲಿ ನಮ್ಮ ನಡುವೆ ಒಂದು ಅಭಿಪ್ರಾಯ ಬಹಳ ಬೇಗ ಬೇರುಬಿಟ್ಟಿದೆ. ಅದು ಕಾರಿಗಿಂತ ಹೆಚ್ಚಾಗಿ ಕಂಪ್ಯೂಟರು. ಎಂಜಿನ್ ಇಲ್ಲ, ಆಯಿಲ್ ಇಲ್ಲ, ಕ್ಲಚ್ ಇಲ್ಲ, ಹಾಗಾಗಿ ಊರಿನ ಮೆಕ್ಯಾನಿಕ್ಕಿಗೆ ಅಲ್ಲಿ ಕೆಲಸವೂ ಇಲ್ಲ. ಏನಾದರೂ ಕೆಟ್ಟರೆ ಕಂಪನಿಯವರು ಲ್ಯಾಪ್‌ಟಾಪ್ ಜೋಡಿಸಿ ನೋಡಿಕೊಳ್ಳುತ್ತಾರೆ. ಸ್ಟಿಯರಿಂಗ್ ಕೆಳಗೆ ಇರುವ ಡಯಾಗ್ನೋಸ್ಟಿಕ್ ಪೋರ್ಟಿಗೆ ಮಾಲೀಕನಾಗಲಿ, ಹೊರಗಿನ ಗ್ಯಾರೇಜಿನವನಾಗಲಿ ಸ್ಕ್ಯಾನರ್ ಹಚ್ಚಬಾರದು. ಈ ಅಭಿಪ್ರಾಯವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಅದರ ಹಿಂದೆ ನಿಜವಾದ ನಾಲ್ಕು ಅಳುಕುಗಳಿವೆ. ಬ್ಯಾಟರಿಯಲ್ಲಿ ಮುನ್ನೂರು ನಾನೂರು ವೋಲ್ಟ್ ಇದೆ, ಜೀವಕ್ಕೆ ಅಪಾಯ. ಪೋರ್ಟ್ ತೆರೆದಿಟ್ಟರೆ ಕಾರನ್ನು ಹ್ಯಾಕ್ ಮಾಡಬಹುದು. ಹೊರಗಿನವರು ಮುಟ್ಟಿದರೆ ವಾರಂಟಿ ಹೋಗುತ್ತದೆ. ಕೊನೆಯದಾಗಿ, ತಿಳಿವಳಿಕೆ ಇಲ್ಲದವರ ಕೈಗೆ ಅಂಕಿಗಳು ಸಿಕ್ಕರೆ ಅವುಗಳಿಗೆ ತಪ್ಪು ಅರ್ಥ ಹಚ್ಚಿ ಗಾಬರಿಯಾಗುತ್ತಾರೆ. ನಾಲ್ಕರಲ್ಲೂ ಸತ್ಯದ ಅಂಶವಿದೆ. ಆದರೂ ನಾಲ್ಕನ್ನೂ ಕೂಡಿಸಿ ‘ಆದ್ದರಿಂದ ಪೋರ್ಟ್ ಕಂಪನಿಯದು’ ಎಂಬ ತೀರ್ಮಾನಕ್ಕೆ ಬರುವಾಗ ಒಂದು ದೊಡ್ಡ ಗೊಂದಲ ನುಸುಳಿರುತ್ತದೆ.

ಆ ಗೊಂದಲದ ಬೆಲೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸೋನ್ಯಾಳದಲ್ಲಿ ನಿಂತು ನೋಡಿದರೆ ಅದು ತಟ್ಟುತ್ತದೆ. ಮನೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮರಾಠಿ, ಕಾರಿನ ವಾರಂಟಿ ಪುಸ್ತಕದಲ್ಲಿ ಇಂಗ್ಲಿಷ್. ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಸೀಮೆ. ದೊಡ್ಡ ಸರ್ವಿಸ್ ಸೆಂಟರು ಬೇಕೆಂದರೆ ಒಂದು ಕಡೆ ಸಾಂಗಲಿ, ಇನ್ನೊಂದು ಕಡೆ ವಿಜಯಪುರ, ಮತ್ತೊಂದು ಕಡೆ ಸೋಲಾಪುರ. ಇಂಥ ಊರಿನಲ್ಲಿ ಒಂದು ವಿದ್ಯುತ್ ಕಾರು ಬೆಳಿಗ್ಗೆ ಮಿಸುಕದೆ ನಿಂತಿತು ಎನ್ನೋಣ. ಕೆಟ್ಟಿರುವುದು ಲಕ್ಷಗಟ್ಟಲೆ ಬೆಲೆಯ ದೊಡ್ಡ ಬ್ಯಾಟರಿಯೋ, ಅಥವಾ ಬಾನೆಟ್ ಕೆಳಗಿನ ಸಾಮಾನ್ಯ 12 ವೋಲ್ಟ್ ಬ್ಯಾಟರಿಯೋ? ಎರಡನೆಯದೇ ಸತ್ತಿದ್ದರೂ ಕಾರು ಒಂದು ಅಂಗುಲ ಮುಂದೆ ಹೋಗದು, ಏಕೆಂದರೆ ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚು ಮುಚ್ಚಿಕೊಳ್ಳಲು ಆ 12 ವೋಲ್ಟೇ ಬೇಕು. ಟ್ರ್ಯಾಕ್ಟರ್ ರಿಪೇರಿ ಮಾಡುವ ಯಾವ ಮೆಕ್ಯಾನಿಕ್ಕಾದರೂ ಚಿಕ್ಕ ಬ್ಯಾಟರಿಯನ್ನು ಬದಲಿಸಬಲ್ಲ. ಕೆಟ್ಟಿರುವುದು ಅದೇ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಲು ಮಾತ್ರ ಅವನಿಗೆ ಕಾರಿನೊಳಗಿನ ದಾಖಲೆ ಓದಲು ಸಿಗಬೇಕು. ಸಿಗದಿದ್ದರೆ ಕಾರು ಲಾರಿಯೇರಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು.

ಈ ಪೋರ್ಟ್ ಬಂದದ್ದು ಹೇಗೆ ಎಂಬುದನ್ನು ಅರಿತರೆ ಅರ್ಧ ಗೊಂದಲ ಬಗೆಹರಿಯುತ್ತದೆ. ಅದು ಹುಟ್ಟಿದ್ದು ರಿಪೇರಿಗಾಗಿ ಅಲ್ಲ, ಹೊಗೆಗಾಗಿ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ, ಕಾರು ತನ್ನ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ತಾನೇ ಗಮನಿಸಿ ದೋಷವನ್ನು ದಾಖಲಿಸಬೇಕು ಎಂದು ಪಟ್ಟುಹಿಡಿಯಿತು. 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಓಬಿಡಿ–2 ಎಂಬ ಒಂದೇ ನಮೂನೆಯ ವ್ಯವಸ್ಥೆ ಕಡ್ಡಾಯವಾಯಿತು. ಹದಿನಾರು ಪಿನ್ನುಗಳ ಒಂದೇ ಆಕಾರದ ಕನೆಕ್ಟರು, ಚಾಲಕನ ಕೈಗೆ ಎಟುಕುವ ಜಾಗದಲ್ಲಿ. 4 ಮತ್ತು 5ನೇ ಪಿನ್ನು ಅರ್ಥಿಂಗಿಗೆ, 16ನೆಯದು 12 ವೋಲ್ಟಿಗೆ, 6 ಮತ್ತು 14ನೆಯವು ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡಿಕೊಳ್ಳುವ ಕ್ಯಾನ್ ತಂತಿಗಳಿಗೆ. ಕ್ಯಾನ್ ಎಂಬುದು 1980ರ ದಶಕದಲ್ಲಿ ಜರ್ಮನಿಯ ಬಾಷ್ ಕಂಪನಿ ರೂಪಿಸಿದ ಪದ್ಧತಿ. ಭಾರತದಲ್ಲಿ ಓಬಿಡಿಯ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಅದೂ ಭಾರತ್ ಸ್ಟೇಜ್ ಹೊಗೆ ಮಾನದಂಡದ ಭಾಗವಾಗಿಯೇ. ಊರೂರಿನ ಗ್ಯಾರೇಜುಗಳಲ್ಲಿ ಇಂದು ಅಗ್ಗದ ಸ್ಕ್ಯಾನರು ಪೆಟ್ರೋಲ್, ಡೀಸೆಲ್ ಕಾರುಗಳ ದೋಷ ಓದುತ್ತಿದ್ದರೆ ಅದು ಹೊಗೆಯ ಕಾನೂನು ಅರಿವಿಲ್ಲದೆಯೇ ಕೊಟ್ಟುಹೋದ ವರ.

ಹೊಗೆಯೇ ಇಲ್ಲದ ಕಾರಿನ ಗತಿಯೇನು? ಇಲ್ಲಿಯೇ ವಿಷಯ ಸಿಕ್ಕಾಗುವುದು. ಹೊಗೆಯ ಕಾನೂನಿನ ಬಲೆಗೆ ವಿದ್ಯುತ್ ಕಾರು ಸಾಮಾನ್ಯವಾಗಿ ಬೀಳುವುದಿಲ್ಲ. ಹಲವು ತಯಾರಕರು ರೂಢಿಯಿಂದಲೋ, ತಮ್ಮ ಸರ್ವಿಸ್ ಸೆಂಟರಿನ ಅನುಕೂಲಕ್ಕೋ ಅದೇ ಹದಿನಾರು ಪಿನ್ನಿನ ಕನೆಕ್ಟರನ್ನು ಇಟ್ಟಿದ್ದಾರೆ. ಕೆಲವರು ಇಟ್ಟೇ ಇಲ್ಲ. ಟೆಸ್ಲಾ ಮಾಡೆಲ್ 3 ಕಾರಿನಲ್ಲಿ ಸ್ಟಿಯರಿಂಗ್ ಕೆಳಗೆ ಹುಡುಕಿದರೆ ಆ ಪೋರ್ಟ್ ಸಿಗದು, ಮಾಲೀಕರು ನಡುವಿನ ಕನ್ಸೋಲಿನ ಹಿಂಭಾಗ ಬಿಚ್ಚಿ ಬೇರೆ ತಂತಿಯ ಜೋಡಣೆ ಮಾಡಿಕೊಳ್ಳಬೇಕು. ಪೋರ್ಟ್ ಇದ್ದ ಕಡೆಯೂ ಇನ್ನೊಂದು ಭ್ರಮೆ ಕಾದಿರುತ್ತದೆ, ಪೋರ್ಟ್ ಇದ್ದರೆ ಮಾಹಿತಿಯೂ ಇದೆ ಎಂಬ ಭ್ರಮೆ. ಸಾಮಾನ್ಯ ಸ್ಕ್ಯಾನರಿಗೆ ಗೊತ್ತಿರುವ ಪ್ರಶ್ನೆಗಳು ಎಂಜಿನ್ನಿನ ತಿರುವು, ಕೂಲೆಂಟ್ ಬಿಸಿ, ಆಮ್ಲಜನಕದ ಸೆನ್ಸರ್ ಇಂಥವು. ವಿದ್ಯುತ್ ಕಾರು ಅವುಗಳಿಗೆ ಏನೆಂದು ಉತ್ತರಿಸೀತು? ಬ್ಯಾಟರಿಯ ಪ್ರತಿ ಸೆಲ್ಲಿನ ವೋಲ್ಟೇಜು ಬೇಕಾದರೆ ಕಂಪನಿಯೇ ಇಟ್ಟ ಗುರುತು ಸಂಖ್ಯೆ ಹಿಡಿದು ಕೇಳಬೇಕು, ಆ ಸಂಖ್ಯೆಗಳ ಪಟ್ಟಿಯನ್ನು ಕಂಪನಿ ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ದೋಷದ ಕೋಡುಗಳಲ್ಲೂ ಇದೇ ಭೇದ. ‘ಪಿ0’ದಿಂದ ಆರಂಭವಾಗುವ ಕೋಡು ಲೋಕಕ್ಕೆಲ್ಲ ಒಂದೇ: ಪಿ0ಎಎ6 ಎಂದರೆ ಹೈವೋಲ್ಟೇಜ್ ಬ್ಯಾಟರಿ ವ್ಯವಸ್ಥೆಯ ವಿದ್ಯುತ್ ನಿರೋಧನ (ಇನ್ಸುಲೇಶನ್) ಕೆಟ್ಟಿದೆ ಎಂದು, ಸೋನ್ಯಾಳದಲ್ಲೂ ಸ್ಟುಟ್‌ಗಾರ್ಟಿನಲ್ಲೂ ಅದೇ ಅರ್ಥ, ಓದಲು ಇಂಗ್ಲಿಷಾಗಲಿ ಮರಾಠಿಯಾಗಲಿ ಬೇಕಿಲ್ಲ. ‘ಪಿ1’ದಿಂದ ಆರಂಭವಾಗುವ ಕೋಡಿಗೆ ಅರ್ಥ ಕೊಡುವುದು ಆಯಾ ಕಂಪನಿ. ಅಂದರೆ ಬಾಗಿಲು ತೆರೆದೇ ಇದ್ದರೂ ಒಳಗಿನ ಕಾಗದಗಳು ಗುಪ್ತಲಿಪಿಯಲ್ಲಿರಬಹುದು.

ಇದು ಹೊರದೇಶದ ತಕರಾರು ಎಂದು ಭಾವಿಸಬೇಕಿಲ್ಲ. ಭಾರತದ ವಿದ್ಯುತ್ ಕಾರಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದೇ ಕರ್ನಾಟಕದಲ್ಲಿ. ಚೇತನ್ ಮೈನಿ ಅವರ ಮುಂದಾಳತನದಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿಯಿತು. ಲಂಡನ್ನಿನ ಬೀದಿಗಳಲ್ಲಿ ಜಿ–ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟು. ಅಷ್ಟು ಸರಳವಾದ ಕಾರಿನಲ್ಲೂ ಬ್ಯಾಟರಿಯ ಚಾರ್ಜು, ಬಿಸಿ, ಬಳಕೆಗಳ ಲೆಕ್ಕವಿಡುವ ಒಂದು ಪುಟ್ಟ ಕಂಪ್ಯೂಟರು ಇತ್ತು. 2009ರಲ್ಲಿ ಫ್ರಾಂಕ್‌ಫರ್ಟ್ ಕಾರು ಮೇಳದಲ್ಲಿ ಅದೇ ಕಂಪನಿ ‘ರಿವೈವ್’ ಎಂಬ ಹೊಸ ಸೌಲಭ್ಯ ಪ್ರಕಟಿಸಿತು: ದಾರಿಯಲ್ಲಿ ಚಾರ್ಜು ಮುಗಿದರೆ ಫೋನ್ ಮಾಡಿ ಅಥವಾ ಎಸ್ಸೆಮ್ಮೆಸ್ ಕಳಿಸಿ, ಕಂಪನಿ ದೂರದಿಂದಲೇ ಬ್ಯಾಟರಿಯ ಸ್ಥಿತಿ ನೋಡಿ ಕಾದಿಟ್ಟ ಒಂದಿಷ್ಟು ಶಕ್ತಿಯನ್ನು ಬಿಡುಗಡೆ ಮಾಡುತ್ತದೆ. ಆ ಕಾಲಕ್ಕೆ ಅದೊಂದು ಅದ್ಭುತ ಯೋಚನೆ, ಮೆಚ್ಚಬೇಕಾದದ್ದೇ. ಆದರೆ ಅದರೊಳಗಿನ ಏರ್ಪಾಡನ್ನೂ ಗಮನಿಸಬೇಕು. ಕಾರಿನಲ್ಲಿ ಕುಳಿತವನಿಗೆ ತನ್ನ ಬ್ಯಾಟರಿಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಗೊತ್ತಿಲ್ಲ, ದೂರದ ಕಚೇರಿಯಲ್ಲಿ ಕುಳಿತವನಿಗೆ ಗೊತ್ತು. ಇಂದಿನ ವಿದ್ಯುತ್ ಕಾರುಗಳಲ್ಲಿ ಸಿಮ್ ಕಾರ್ಡ್ ಮೂಲಕ ಹಗಲಿರುಳು ನಡೆಯುತ್ತಿರುವುದು ಇದೇ ಏರ್ಪಾಡಿನ ದೊಡ್ಡ ರೂಪ.

ಈಗ ಮೂಲ ಗೊಂದಲಕ್ಕೆ ಬರೋಣ. ‘ಪೋರ್ಟನ್ನು ಮುಟ್ಟುವುದು’ ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ವಾಹನ ತಂತ್ರಜ್ಞಾನದ ಐಎಸ್‌ಒ 14229 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಅವುಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿದೆ.

1. ಓದುವುದು. ದಾಖಲಾದ ದೋಷದ ಕೋಡು, ಸೆಲ್ಲುಗಳ ವೋಲ್ಟೇಜು, ಬಿಸಿ, ಉಳಿದ ಸಾಮರ್ಥ್ಯ ಇವುಗಳನ್ನು ಕೇಳಿ ತಿಳಿಯುವುದು.

2. ಅಳಿಸುವುದು. ದಾಖಲಾದ ದೋಷವನ್ನು ತೆಗೆದುಹಾಕುವುದು.

3. ಆಡಿಸಿ ನೋಡುವುದು. ಫ್ಯಾನು, ಪಂಪು, ಕಾಂಟ್ಯಾಕ್ಟರುಗಳಿಗೆ ಹೊರಗಿನಿಂದ ಆಜ್ಞೆ ಕೊಟ್ಟು ಪರೀಕ್ಷಿಸುವುದು.

4. ಬರೆಯುವುದು. ಕಾರಿನ ತಂತ್ರಾಂಶವನ್ನೇ ಬದಲಿಸುವುದು.

ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಅಂತರ ಪ್ರತಿ ಮನೆಯ ಗೋಡೆಯ ಮೇಲೂ ಕಾಣುತ್ತದೆ. ಕರೆಂಟ್ ಮೀಟರಿನ ಪೆಟ್ಟಿಗೆಗೆ ಸೀಲು ಹಾಕಿರುತ್ತಾರೆ. ಅದನ್ನು ಒಡೆದರೆ ಅಪರಾಧ. ಆದರೆ ಅದರ ಮುಖಕ್ಕೆ ಗಾಜು ಇಟ್ಟಿರುತ್ತಾರೆ. ಎಷ್ಟು ಯೂನಿಟ್ ಓಡಿದೆ ಎಂದು ಮನೆಯೊಡೆಯ, ಬಾಡಿಗೆಯವ, ಶಾಲೆಗೆ ಹೋಗುವ ಮಗು, ಯಾರು ಬೇಕಾದರೂ ನೋಡಬಹುದು. ಒಳಗೆ 230 ವೋಲ್ಟ್ ಇದೆ ಎಂಬ ಕಾರಣಕ್ಕೆ ಯಾವ ವಿದ್ಯುತ್ ಕಂಪನಿಯೂ ಗಾಜಿಗೆ ಕಪ್ಪು ಬಣ್ಣ ಬಳಿದು ‘ರೀಡಿಂಗ್ ನಾವಷ್ಟೇ ನೋಡುತ್ತೇವೆ, ಬಿಲ್ಲು ನೀವು ಕಟ್ಟಿ’ ಎನ್ನುವುದಿಲ್ಲ. ವಿದ್ಯುತ್ ಕಾರಿನ ವಿಷಯದಲ್ಲಿ ಸೀಲಿಗೆ ಕೊಟ್ಟ ಸಮರ್ಥನೆಯನ್ನೇ ಗಾಜಿಗೂ ಹಚ್ಚಲಾಗಿದೆ. ಗೊಂದಲ ನುಸುಳಿರುವುದು ಅಲ್ಲಿಯೇ. ನಾಲ್ಕೂ ಆಕ್ಷೇಪಗಳನ್ನು ಈ ಭೇದದ ಎದುರಿಗೆ ಒಂದೊಂದಾಗಿ ಇಟ್ಟು ನೋಡಬಹುದು.

ವೋಲ್ಟೇಜಿನ ಅಪಾಯ ನಿಜ. ನೇರ ವಿದ್ಯುತ್ತು 60 ವೋಲ್ಟ್ ದಾಟಿದರೆ ಅದನ್ನು ಅಪಾಯಕಾರಿ ಎಂದೇ ವಾಹನ ಮಾನದಂಡಗಳು ಎಣಿಸುತ್ತವೆ, ಕಾರಿನ ಬ್ಯಾಟರಿ ಅದಕ್ಕಿಂತ ಐದಾರು ಪಟ್ಟು ಮೇಲಿದೆ. ಆದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ಹರಿಯುವ ಆ ವಿದ್ಯುತ್ತು ಡಯಾಗ್ನೋಸ್ಟಿಕ್ ಪೋರ್ಟಿಗೆ ಬರುವುದೇ ಇಲ್ಲ. ಪೋರ್ಟಿನಲ್ಲಿರುವುದು ಸಾಮಾನ್ಯ 12 ವೋಲ್ಟು. ನಿಜ ಹೇಳಬೇಕೆಂದರೆ ಓದಲು ಬಿಡದಿರುವುದೇ ಹೆಚ್ಚು ಅಪಾಯಕಾರಿ. ಪಿ0ಎಎ6 ದಾಖಲಾಗಿದೆ ಎಂದು ತಿಳಿದ ಮೆಕ್ಯಾನಿಕ್ಕು ಕಿತ್ತಳೆ ಕೇಬಲ್ಲಿನ ಹತ್ತಿರವೂ ಸುಳಿಯದೆ ಕಾರನ್ನು ಸರ್ವಿಸ್ ಸೆಂಟರಿಗೆ ಕಳಿಸುತ್ತಾನೆ. ತಿಳಿಯದವನು ಹೊದಿಕೆ ಬಿಚ್ಚಿ ಹುಡುಕಲು ಹೊರಡುತ್ತಾನೆ. ಇದೇ ಕೋಡನ್ನು ದೋಷ ಸರಿಪಡಿಸದೆ ಅಳಿಸಿಬಿಟ್ಟು ಕಾರು ಓಡಿಸುವುದು ಪ್ರಾಣದ ಜೊತೆ ಆಟ. ಹಾಗಾಗಿ ಎರಡನೆಯ ಕ್ರಿಯೆಗೆ, ಅಂದರೆ ಅಳಿಸುವುದಕ್ಕೆ, ಇಂಥ ಕೋಡುಗಳ ಮಟ್ಟಿಗಾದರೂ ಬೀಗ ಇರಲೇಬೇಕು. ‘ಕಾರು ನನ್ನದು, ಒಳಗೆ ಏನು ಬೇಕಾದರೂ ಮಾಡುತ್ತೇನೆ’ ಎನ್ನುವವರ ವಾದ ಕುಸಿಯುವುದು ಇಲ್ಲಿ. ರಸ್ತೆಯ ಮೇಲೆ ಬೇರೆಯವರೂ ಇದ್ದಾರೆ.

ಹ್ಯಾಕಿಂಗಿನ ಅಳುಕು ಇನ್ನಷ್ಟು ಸೂಕ್ಷ್ಮವಾದ ಪರಿಶೀಲನೆ ಬೇಡುತ್ತದೆ. 2010ರಲ್ಲಿ ವಾಷಿಂಗ್ಟನ್ ಮತ್ತು ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯಗಳ ಸಂಶೋಧಕರು ಓಬಿಡಿ ಪೋರ್ಟಿನ ಮೂಲಕವೇ ಒಂದು ಕಾರಿನ ಬ್ರೇಕನ್ನು ನಿಷ್ಕ್ರಿಯಗೊಳಿಸಿ ತೋರಿಸಿದರು. 2015ರಲ್ಲಿ ಸ್ಯಾನ್ ಡಿಯಾಗೋದವರು, ಪೋರ್ಟಿಗೆ ಸಿಕ್ಕಿಸಿದ್ದ ಸಿಮ್ ಇರುವ ಡಾಂಗಲ್ಲಿಗೆ ಎಸ್ಸೆಮ್ಮೆಸ್ ಕಳಿಸಿ ಕಾರೊಂದರ ಬ್ರೇಕಿನ ಮೇಲೆ ಹಿಡಿತ ಸಾಧಿಸಿದರು. ಇವನ್ನು ಅಲ್ಲಗಳೆಯಲಾಗದು, ಸಿಮ್ ಇರುವ ಅಗ್ಗದ ಡಾಂಗಲ್ಲನ್ನು ಸದಾ ಪೋರ್ಟಿನಲ್ಲೇ ಬಿಟ್ಟಿರುವುದು ಅವಿವೇಕ. ಆದರೆ ಅದೇ 2015ರ ಅತ್ಯಂತ ದೊಡ್ಡ ಪ್ರಕರಣ ಯಾವುದು? ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೊಕಿಯನ್ನು ದೂರದಿಂದಲೇ ವಶಕ್ಕೆ ತೆಗೆದುಕೊಂಡದ್ದು. ಅವರು ಒಳಹೊಕ್ಕದ್ದು ಪೋರ್ಟಿನಿಂದ ಅಲ್ಲ, ಕಂಪನಿಯೇ ಕೂರಿಸಿದ ಮೊಬೈಲ್ ಸಂಪರ್ಕದಿಂದ. 14 ಲಕ್ಷ ವಾಹನಗಳನ್ನು ತಯಾರಕರು ಹಿಂದಕ್ಕೆ ಕರೆಯಬೇಕಾಯಿತು. ಪೋರ್ಟಿಗೆ ತಂತಿ ಹಚ್ಚಲು ಮೊದಲು ಕಾರಿನ ಬಾಗಿಲು ತೆಗೆದು ಒಳಗೆ ಕೂರಬೇಕು. ಸಿಮ್‌ಗೆ ಅದರ ಅಗತ್ಯವಿಲ್ಲ. ಭದ್ರತೆಯ ಹೆಸರಿನಲ್ಲಿ ಪೋರ್ಟನ್ನು ಮುಚ್ಚಿ ಎಲ್ಲವನ್ನೂ ಆ್ಯಪಿಗೆ, ಸಿಮ್‌ಗೆ ಒಪ್ಪಿಸುವವರು ಇಕ್ಕಟ್ಟಿನ ಬಾಗಿಲು ಮುಚ್ಚಿ ಹೆಬ್ಬಾಗಿಲು ತೆರೆದಿಡುತ್ತಿದ್ದಾರೆ. ಸರಿಯಾದ ದಾರಿ ತಾಂತ್ರಿಕವಾಗಿ ಈಗಾಗಲೇ ಇದೆ: ಪೋರ್ಟಿಗೂ ಒಳಗಿನ ತಂತಿಗಳಿಗೂ ನಡುವೆ ಒಂದು ಗೇಟ್‌ವೇ, ಅದು ಓದುವ ಪ್ರಶ್ನೆಗಳನ್ನು ಮಾತ್ರ ಒಳಬಿಡುತ್ತದೆ, ಬರೆಯುವ ಆಜ್ಞೆಗಳಿಗೆ ರಹಸ್ಯ ಕೀಲಿ ಕೇಳುತ್ತದೆ.

ವಾರಂಟಿಯ ವಿಷಯದಲ್ಲಿ ಭಾರತದ ಕಾನೂನಿನ ದಾಖಲೆ ಬಹಳ ಸ್ಪಷ್ಟವಾಗಿದೆ. ಬಿಡಿಭಾಗಗಳೂ ಡಯಾಗ್ನೋಸ್ಟಿಕ್ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗುತ್ತಿಲ್ಲ ಎಂದು 2011ರಲ್ಲಿ ಒಬ್ಬ ನಾಗರಿಕರು ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಆದೇಶ ಹೊರಡಿಸಿತು. ಟಾಟಾ, ಮಹೀಂದ್ರ, ಮಾರುತಿ ಸೇರಿದಂತೆ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ. ದಂಡಕ್ಕಿಂತ ಮುಖ್ಯವಾದದ್ದು ಅದರಲ್ಲಿದ್ದ ನಿರ್ದೇಶನ: ಹೊರಗಿನ ಗ್ಯಾರೇಜಿನ ಸೇವೆ ಪಡೆದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು, ಆದರೂ ತತ್ವ ಅಲ್ಲಿ ದಾಖಲಾಗಿದೆ. ರಿಪೇರಿ ಮಾಡಿಸಿದರೇ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವಂತಿಲ್ಲ ಎಂದಮೇಲೆ ಬರೀ ಓದಿದ್ದಕ್ಕೆ ರದ್ದಾಗುತ್ತದೆ ಎನ್ನುವುದು ಹೇಗೆ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತ ಸಮಿತಿ ರಚಿಸಿದಾಗ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಇದ್ದವು, ಕೃಷಿ ಯಂತ್ರಗಳೂ ಇದ್ದವು. ಆದರೆ ವಿದ್ಯುತ್ ಕಾರಿನ ಬ್ಯಾಟರಿಯ ಅಂಕಿಗಳನ್ನು ಮಾಲೀಕ ಓದಬಹುದು ಎಂಬ ಸ್ಪಷ್ಟ ವಾಕ್ಯ ಆ ವರ್ಷವೇ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಲ್ಲ. ಅವುಗಳ ಗಮನವೆಲ್ಲ ಹಳೆಯ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಕಡೆಗೆ.

ಉಳಿದದ್ದು ನಾಲ್ಕನೆಯ ಆಕ್ಷೇಪ, ತಪ್ಪು ಅರ್ಥ ಹಚ್ಚುತ್ತಾರೆ ಎಂಬುದು. ನಾಲ್ಕರಲ್ಲಿ ಇದೇ ಗಟ್ಟಿಯಾದದ್ದು. ಏಕೆಂದರೆ ಬ್ಯಾಟರಿಯ ‘ಆರೋಗ್ಯ ಶೇ 91’ ಎಂಬ ಅಂಕಿ ಅಳತೆಯಲ್ಲ, ಅಂದಾಜು. ಲಿಥಿಯಂ ಕಬ್ಬಿಣ–ಫಾಸ್ಫೇಟ್ ಸೆಲ್ಲನ್ನೇ ತೆಗೆದುಕೊಳ್ಳಿ. ಚಾರ್ಜಿನ ನಡುವಿನ ಬಹುಭಾಗದಲ್ಲಿ ಅದರ ವೋಲ್ಟೇಜು 3.2–3.3ರ ಆಸುಪಾಸಿನಲ್ಲಿ ಸಪಾಟಾಗಿ ನಿಂತಿರುತ್ತದೆ. ವೋಲ್ಟೇಜು ನೋಡಿ ಎಷ್ಟು ತುಂಬಿದೆ ಎಂದು ಹೇಳುವುದೇ ಕಷ್ಟ, ಕಾರಿನ ಕಂಪ್ಯೂಟರೂ ಆಗಾಗ ಎಡವುತ್ತದೆ. ನಡುನಡುವೆ ಪೂರ್ತಿ ನೂರಕ್ಕೆ ಚಾರ್ಜ್ ಮಾಡಿ ಎಂದು ತಯಾರಕರು ಹೇಳುವುದು ಅದಕ್ಕೇ. ಹಾಗಿದ್ದರೂ ಅಂಥ ನೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ 320 ವೋಲ್ಟಿನ ಒಂದು ಬ್ಯಾಟರಿಯನ್ನು ಕಲ್ಪಿಸಿಕೊಳ್ಳಿ. ಡ್ಯಾಶ್‌ಬೋರ್ಡ್ ಹೇಳುವುದು ಒಂದೇ ಮಾತು: ಶೇ 30 ಉಳಿದಿದೆ. ಪೋರ್ಟಿನಿಂದ ಓದಿದರೆ ಕಾಣುವುದು ನೂರು ಅಂಕಿಗಳ ಸಾಲು: 3.27, 3.27, 3.26, 3.27... ನಡುವೆ ಒಂದು ಕಡೆ 2.91. ಆ ಒಂದು ಸೆಲ್ಲು ಬರಿದಾದ ಕ್ಷಣ ಉಳಿದ ತೊಂಬತ್ತೊಂಬತ್ತು ಸೆಲ್ಲುಗಳಲ್ಲಿ ಶಕ್ತಿ ಇದ್ದರೂ ಕಾರು ನಿಲ್ಲುತ್ತದೆ. ಸರಣಿಯ ಜೋಡಣೆಯಲ್ಲಿ ದುರ್ಬಲ ಸೆಲ್ಲಿನದೇ ಕೊನೆಯ ಮಾತು. ಈ ಸಾಲನ್ನು ನೋಡಿದ ಮೆಕ್ಯಾನಿಕ್ಕಿಗೆ ಬ್ಯಾಟರಿ ರಸಾಯನಶಾಸ್ತ್ರ ತಿಳಿದಿರಬೇಕಿಲ್ಲ, ಎದ್ದು ಕಾಣುವ ಅಂಕಿ ಕಂಡರೆ ಸಾಕು. ಇಡೀ ಬ್ಯಾಟರಿ ಬದಲಿಸಬೇಕೋ, ಒಂದು ಮಾಡ್ಯೂಲ್ ಸಾಕೋ ಎಂದು ಸರ್ವಿಸ್ ಸೆಂಟರನ್ನು ಕೇಳುವಷ್ಟು ಧೈರ್ಯ ಮಾಲೀಕನಿಗೆ ಬರುತ್ತದೆ. ರಕ್ತಪರೀಕ್ಷೆಯ ವರದಿಯನ್ನು ರೋಗಿಯ ಕೈಗೇ ಕೊಡುತ್ತಾರೆ. ಅವನಿಗೆ ವೈದ್ಯಶಾಸ್ತ್ರ ಗೊತ್ತಿಲ್ಲ ಎಂದು ಯಾರೂ ತಡೆಹಿಡಿಯುವುದಿಲ್ಲ, ಇನ್ನೊಬ್ಬ ವೈದ್ಯರಿಗೆ ತೋರಿಸಲು ಅದು ಬೇಕು.

ಅಂಕಿ ಓದಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ಜತ್ತದಂತೆಯೇ ಬಿಸಿಲು ಸುಡುವ ಊರಿನ ನಿದರ್ಶನವಿದೆ. ನಿಸಾನ್ ಲೀಫ್ 2010ರ ಕೊನೆಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದರ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. 2012ರ ಬೇಸಿಗೆಯಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಮಾಲೀಕರು ಡ್ಯಾಶ್‌ಬೋರ್ಡಿನ ಹನ್ನೆರಡು ಪಟ್ಟಿಗಳಲ್ಲಿ ಒಂದೊಂದೇ ಆರುತ್ತಿರುವುದನ್ನು ಕಂಡರು. ಪಟ್ಟಿ ತೀರ ಒರಟು ಅಳತೆ. ಅಷ್ಟರಲ್ಲಾಗಲೇ ಮಾಲೀಕರಲ್ಲೇ ಒಬ್ಬ ಎಂಜಿನಿಯರು ಕ್ಯಾನ್ ತಂತಿಯ ಮಾತನ್ನು ಕಿವಿಗೊಟ್ಟು ಕೇಳಿ, ಬ್ಯಾಟರಿಯ ಶಕ್ತಿಯನ್ನು ಸುಮಾರು 80 ವ್ಯಾಟ್–ಅವರ್‌ಗಳ ಸಣ್ಣ ಘಟಕಗಳಲ್ಲಿ ತೋರಿಸುವ ಮೀಟರೊಂದನ್ನು ತಯಾರಿಸಿದ್ದರು. ಹೊಸ ಕಾರು ಪೂರ್ತಿ ತುಂಬಿದಾಗ 281 ಘಟಕ. ಅವರ ಉಪನಾಮದಿಂದಲೇ ಆ ಘಟಕಕ್ಕೆ ‘ಗಿಡ್’ ಎಂಬ ಹೆಸರು ಬಿತ್ತು. ಮಾಲೀಕರು ಹನ್ನೆರಡು ಕಾರುಗಳನ್ನು ಒಟ್ಟುಗೂಡಿಸಿ ಒಂದೇ ದಾರಿಯಲ್ಲಿ ಓಡಿಸಿ, ಎಷ್ಟು ದೂರ ಹೋಗುತ್ತವೆ ಎಂದು ದಾಖಲಿಸಿದರು. ಡ್ಯಾಶ್‌ಬೋರ್ಡಿನ ಅಳತೆಯೇ ಸರಿಯಿಲ್ಲ ಎಂಬ ವಾದ ಕಂಪನಿಯಿಂದ ಬಂತು, ಅದರಲ್ಲಿ ನಿಜವೂ ಇತ್ತು. ಅಂಕಿಗಳು ಇಬ್ಬರ ಕೈಯಲ್ಲೂ ಇದ್ದುದರಿಂದಲೇ ಆ ಚರ್ಚೆ ಸಾಧ್ಯವಾಯಿತು. ಮರುವರ್ಷ ನಿಸಾನ್ ಬ್ಯಾಟರಿಯ ಸಾಮರ್ಥ್ಯಕ್ಕೂ ವಾರಂಟಿ ಕೊಟ್ಟಿತು: ಐದು ವರ್ಷ ಅಥವಾ 60,000 ಮೈಲಿಯೊಳಗೆ ಒಂಬತ್ತು ಪಟ್ಟಿಗಿಂತ ಕೆಳಗಿಳಿದರೆ ಸರಿಪಡಿಸಿಕೊಡುವುದಾಗಿ. ಅಂದಾಜು ತಪ್ಪಾಗಬಹುದು ಎಂಬ ಆಕ್ಷೇಪಕ್ಕೆ ಉತ್ತರ ಅಂಕಿಯನ್ನು ಬಚ್ಚಿಡುವುದರಲ್ಲಿ ಇಲ್ಲ, ಅಂದಾಜಿನ ವ್ಯಾಖ್ಯೆಯನ್ನು ಎಲ್ಲರಿಗೂ ಒಂದೇ ಮಾಡಿ ತಾಳೆ ನೋಡುವುದರಲ್ಲಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರ ಮಾರ್ಚ್‌ನಲ್ಲಿ ಅಂಗೀಕರಿಸಿದ 22ನೆಯ ಜಾಗತಿಕ ತಾಂತ್ರಿಕ ನಿಯಮ ಮಾಡಿದ್ದು ಅದನ್ನೇ: ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಶೇ 80, ಎಂಟು ವರ್ಷ ಅಥವಾ 1,60,000 ಕಿ.ಮೀ.ಗೆ ಶೇ 70 ಸಾಮರ್ಥ್ಯ ಉಳಿದಿರಬೇಕು, ಕಾರು ತೋರಿಸುವ ಅಂಕಿ ನಿಜವೇ ಎಂದು ಪರೀಕ್ಷಿಸಬೇಕು.

ಯುರೋಪಿನ ಒಕ್ಕೂಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2023ರ ಅದರ ಬ್ಯಾಟರಿ ನಿಯಮದ 14ನೆಯ ವಿಧಿಯ ಪ್ರಕಾರ, ಬ್ಯಾಟರಿಯ ಆರೋಗ್ಯ ಮತ್ತು ಆಯುಷ್ಯದ ಮಾಹಿತಿಯನ್ನು ಓದಲು ಮಾತ್ರ ಅವಕಾಶವಿರುವಂತೆ, ತಾರತಮ್ಯವಿಲ್ಲದೆ, ಕೊಂಡವರಿಗೂ ಅವರ ಪರವಾಗಿ ನೋಡುವವರಿಗೂ ಕೊಡಬೇಕು. 2024ರ ಆಗಸ್ಟ್ 18ರಿಂದ ಇದು ಜಾರಿಯಲ್ಲಿದೆ. ಮೀಟರಿನ ಗಾಜು ಮತ್ತು ಸೀಲು ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟ ಕಾನೂನು ಅದು. ಭಾರತಕ್ಕೆ ಬೇಕಾಗಿರುವುದು ಇದಕ್ಕಿಂತ ಹೆಚ್ಚಿನದಲ್ಲ. ಆದರೆ ಸೋನ್ಯಾಳದಂಥ ಊರುಗಳ ದೃಷ್ಟಿಯಿಂದ ಒಂದು ಮಾತು ಸೇರಿಸಬೇಕು: ಆ ಓದು ಇಂಟರ್‌ನೆಟ್ ಇಲ್ಲದೆ, ಕಂಪನಿಯ ಸರ್ವರಿಗೆ ಲಾಗಿನ್ ಆಗದೆ, ಹದಿನಾರು ಪಿನ್ನಿನ ಕನೆಕ್ಟರಿನಿಂದಲೇ ಸಿಗಬೇಕು. ಕಂಪನಿ ಬಾಗಿಲು ಹಾಕಿಕೊಂಡರೂ, ಮಾದರಿ ನಿಂತುಹೋದರೂ, ಹತ್ತು ವರ್ಷ ಕಳೆದು ಕಾರು ಮೂರನೆಯವರ ಕೈಗೆ ಬಂದರೂ ಅದು ಉಳಿಯಬೇಕು. ಹಳ್ಳಿಗಳಿಗೆ ಕಾರು ತಲುಪುವುದು ಬಹುಪಾಲು ಸೆಕೆಂಡ್‌ಹ್ಯಾಂಡ್ ಆಗಿಯೇ. ಪೆಟ್ರೋಲ್ ಕಾರಿನ ಎಂಜಿನ್ ಸದ್ದು ಕೇಳಿ, ಸೈಲೆನ್ಸರಿನ ಹೊಗೆ ನೋಡಿ ಬೆಲೆ ಕಟ್ಟಬಹುದು. ವಿದ್ಯುತ್ ಕಾರಿನ ಬ್ಯಾಟರಿಗೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಅದರ ಅಂಕಿ ಓದದೆ ಕೊಳ್ಳುವವನು ಕಣ್ಣು ಕಟ್ಟಿಕೊಂಡು ಕೊಂಡಂತೆಯೇ.

ಕಾನೂನು ಬರುವವರೆಗೆ ಕೊಳ್ಳುವವರು ಸುಮ್ಮನಿರಬೇಕಾಗಿಲ್ಲ. ಮುಂಗಡ ಕೊಡುವ ಮೊದಲು ಶೋರೂಮಿನವರನ್ನು ಮೂರು ಪ್ರಶ್ನೆ ಕೇಳಬಹುದು. ಈ ಕಾರಿನಲ್ಲಿ ಹದಿನಾರು ಪಿನ್ನಿನ ಪೋರ್ಟ್ ಇದೆಯೇ? ಬ್ಯಾಟರಿಯ ಆರೋಗ್ಯ ಮತ್ತು ಸೆಲ್ಲುಗಳ ವೋಲ್ಟೇಜನ್ನು ಅಲ್ಲಿಂದ ಹೊರಗಿನ ಸ್ಕ್ಯಾನರ್ ಓದಬಲ್ಲದೇ? ಓದಿದರೆ ವಾರಂಟಿಗೆ ಬಾಧೆ ಇದೆಯೇ? ಉತ್ತರವನ್ನು ಬರಹದಲ್ಲಿ, ಸಹಿ ಹಾಕಿಸಿ ತೆಗೆದುಕೊಳ್ಳಿ.